ಎರಡು ಪಾತ್ರೆ, ಒಂದೇ ಬಿಸಿ

ಕೇಳುಗರೆಲ್ಲರಿಗೂ ನಮಸ್ಕಾರ.

ಮನೆಯಲ್ಲೇ ಪೊಮೇಡ್, ಅಂದರೆ ಕೂದಲು ಕೂರಿಸಲು ಹಚ್ಚುವ ಕ್ರೀಮ್, ಮಾಡಿಕೊಳ್ಳುವವರ ಜೊತೆ ಇವತ್ತು ನನ್ನ ಮಾತು. ಮಾಡಿದ ದಿನ ನುಣ್ಣಗೆ, ಬೆಳ್ಳಗೆ, ನೋಡಲು ಚೆಂದ ಇರುತ್ತದೆ. ನಾಲ್ಕನೇ ದಿನ ಮುಚ್ಚಳ ತೆಗೆದರೆ ಕೆಳಗೆ ನೀರು, ಮೇಲೆ ಜಿಡ್ಡು. ಇಂಥದ್ದೊಂದು ಡಬ್ಬಿ ನಿಮ್ಮ ಹತ್ತಿರವೂ ಇದೆ ಅಲ್ವಾ? ಎಣ್ಣೆ ಬದಲಾಯಿಸುವ ಮುಂಚೆ, ಮೇಣವನ್ನು ಬೈಯುವ ಮುಂಚೆ ನನ್ನದೊಂದು ಮಾತು ಕೇಳಿ. ತಪ್ಪಿರುವುದು ಬಿಸಿಯಲ್ಲಿ. ಎಣ್ಣೆಯ ಪಾತ್ರೆ, ನೀರಿನ ಪಾತ್ರೆ, ಎರಡೂ 75 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರುವಾಗಲೇ ಒಂದಾಗಬೇಕು. ಇದನ್ನು ಹೇಳಲಿಕ್ಕೇ ನಾನು ಬಂದಿರುವುದು.

ಬರೀ ಎಣ್ಣೆ, ಜೇನುಮೇಣ ಕರಗಿಸಿ ಮಾಡುವ ಹಳೇ ಥರದ ಪೊಮೇಡ್‌ಗೆ ಈ ತೊಂದರೆ ಇಲ್ಲ. ಅದರಲ್ಲಿ ನೀರೇ ಇಲ್ಲ, ಬೇರೆಯಾಗಲು ಏನಿದೆ? ಆದರೆ ತಲೆ ತೊಳೆಯುವಾಗ ಅದು ಸುಲಭಕ್ಕೆ ಬಿಡುವುದಿಲ್ಲ. ಹಗುರವಾಗಿರಬೇಕು, ಬೇಗ ತೊಳೆದುಹೋಗಬೇಕು ಅಂದರೆ ನೀರು ಸೇರಿಸಬೇಕು. ನೀರು ಬಂತು ಅಂದರೆ ಎಮಲ್ಷನ್ ಆಗಬೇಕು. ಅಂದರೆ ಎಣ್ಣೆ ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ನೀರಿನ ತುಂಬ ಹರಡಿ, ಹಾಗೇ ನಿಲ್ಲಬೇಕು.

ಅದು ತಾನಾಗಿ ನಿಲ್ಲುವುದಿಲ್ಲ. ನಡುವೆ ಒಬ್ಬರು ಬೇಕು. ಆಗಿಬರದ ಇಬ್ಬರನ್ನು ಕಂಡರೆ ಎಣ್ಣೆ ಸೀಗೆಕಾಯಿ ಥರ ಅನ್ನುತ್ತೇವೆ. ನಿಜ ನೋಡಿದರೆ ಸೀಗೆಕಾಯಿ ಎಣ್ಣೆಯ ಶತ್ರು ಅಲ್ಲವೇ ಅಲ್ಲ. ಅದರಲ್ಲಿರುವ ಸಪೋನಿನ್ ಒಂದು ತುದಿಯಿಂದ ಎಣ್ಣೆಯನ್ನು ಹಿಡಿಯುತ್ತದೆ, ಇನ್ನೊಂದು ತುದಿಯಿಂದ ನೀರನ್ನು ಹಿಡಿಯುತ್ತದೆ. ಜಿಡ್ಡು ನೀರಿನ ಜೊತೆ ಹೋಗುವುದು ಅದಕ್ಕೇ. ಎಣ್ಣೆ, ನೀರಿನ ನೆಂಟಸ್ತಿಕೆ ಮಾಡಿಸುವ ಇಂಥ ವಸ್ತುವಿಗೇ ಎಮಲ್ಸಿಫೈಯರ್ ಅನ್ನುವುದು. ಪೊಮೇಡ್‌ಗೆ ಎಮಲ್ಸಿಫೈಯಿಂಗ್ ವ್ಯಾಕ್ಸ್ ಅಂತಲೇ ಸಿಗುತ್ತದೆ, ಅದನ್ನು ಹಾಕಿ. ಜೇನುಮೇಣ ಹಾಕಿದ್ದೇನಲ್ಲ, ಸಾಕಲ್ವಾ ಅಂತ ತುಂಬ ಜನ ಕೇಳುತ್ತಾರೆ. ಸಾಲದು. ಜೇನುಮೇಣ ಗಟ್ಟಿ ಮಾಡುತ್ತದೆ, ಕೂದಲಿಗೆ ಹಿಡಿತ ಕೊಡುತ್ತದೆ. ಎಣ್ಣೆಯನ್ನೂ ನೀರನ್ನೂ ಕೂಡಿಸಿಡುವುದು ಅದೊಂದರಿಂದಲೇ ಆಗುವ ಕೆಲಸವಲ್ಲ.

ನಾನು ಇದನ್ನೆಲ್ಲ ಕಲಿಸುವವಳು. ಒಮ್ಮೆ ಒಬ್ಬ ಹುಡುಗ ಏಳು ಡಬ್ಬಿ ಹಿಡಿದುಕೊಂಡು ಬಂದ. ಏಳೂ ಒಡೆದ ಹಾಲಿನ ಹಾಗಿದ್ದವು. ಪ್ರತಿ ಡಬ್ಬಿಯ ಮೇಲೂ ಚೀಟಿ ಅಂಟಿಸಿದ್ದ. ಒಂದರಲ್ಲಿ ಹರಳೆಣ್ಣೆ, ಒಂದರಲ್ಲಿ ಬಾದಾಮಿ ಎಣ್ಣೆ. ಒಂದಕ್ಕೆ ವ್ಯಾಕ್ಸ್ ಎರಡರಷ್ಟು. ಒಂದನ್ನು ಬ್ಲೆಂಡರ್‌ನಲ್ಲಿ ಹತ್ತು ನಿಮಿಷ ತಿರುವಿದ್ದ. "ಮೇಡಂ, ನನಗೆ ಸಿಕ್ಕಿದ ವ್ಯಾಕ್ಸೇ ಸರಿ ಇಲ್ಲ" ಅಂದ. ಅಷ್ಟು ಶ್ರದ್ಧೆ ನೋಡಿ ನನಗೆ ಖುಷಿಯಾಯಿತು, ಸಂಕಟವೂ ಆಯಿತು. "ನನ್ನ ಎದುರಿಗೇ ಒಂದು ಸಲ ಮಾಡಪ್ಪಾ" ಅಂದೆ.

ಅವನು ಅಳತೆಯಲ್ಲಿ ತಪ್ಪಲಿಲ್ಲ. ಎಲ್ಲವನ್ನೂ ಗ್ರಾಂ ಲೆಕ್ಕದಲ್ಲಿ ತೂಗಿದ. ನೀರು ಕಾಯಿಸಿದ, ಪಕ್ಕಕ್ಕಿಟ್ಟ. ಆಮೇಲೆ ಮೇಣ ಕರಗಿಸಲು ಕೂತ. ಮೇಣ ನಿಧಾನ ಅಲ್ವಾ, ಪೂರ್ತಿ ಕರಗುವ ಹೊತ್ತಿಗೆ ಅರ್ಧ ಗಂಟೆ ಆಗಿತ್ತು. ನೀರನ್ನು ಎತ್ತಿ ಸುರಿಯಬೇಕು ಅನ್ನುವಾಗ ಅವನ ಕೈ ಹಿಡಿದೆ. ಥರ್ಮಾಮೀಟರ್ ಇಟ್ಟು ನೋಡಿದೆವು. ಎಣ್ಣೆ 74 ಡಿಗ್ರಿ. ನೀರು 41. ಅವನು ಮಾತೇ ಆಡಲಿಲ್ಲ.

ಜೇನುಮೇಣ ಕರಗುವುದು 62ರಿಂದ 64 ಡಿಗ್ರಿಯಲ್ಲಿ. 41 ಡಿಗ್ರಿಯ ನೀರು ತಗುಲಿದ ಕ್ಷಣವೇ ಅದು ಕಾಳುಕಾಳಾಗಿ ಗಟ್ಟಿಯಾಗುತ್ತದೆ. ಎಮಲ್ಸಿಫೈಯರ್ ಹನಿಯನ್ನು ಸುತ್ತಿಕೊಳ್ಳುವ ಮುಂಚೆಯೇ ಆಟ ಮುಗಿದಿರುತ್ತದೆ. ಆಮೇಲೆ ಎಷ್ಟು ತಿರುವಿದರೂ ಏನು ಬಂತು?

ದೊಡ್ಡ ಬಾಣಲೆಯಲ್ಲಿ ನೀರು ಕಾಯಿಸಿ, ಅದರೊಳಗೆ ಅವನ ಎರಡೂ ಪಾತ್ರೆ ಒಟ್ಟಿಗೆ ಇಡಿಸಿದೆ. ಎರಡೂ 75 ಮುಟ್ಟಿದ ಮೇಲೆ ಸುರಿಸಿದೆ. ಅದೇ ಎಣ್ಣೆ, ಸರಿ ಇಲ್ಲ ಅಂದಿದ್ದ ಅದೇ ವ್ಯಾಕ್ಸ್. ಎರಡೇ ನಿಮಿಷದಲ್ಲಿ ಹಾಲಿನಂತೆ ಬೆಳ್ಳಗಾಯಿತು, ತಣಿದ ಮೇಲೆ ಬೆಣ್ಣೆಯಂತಾಯಿತು. ಎಂಟನೆಯ ಆ ಡಬ್ಬಿಯನ್ನು ಅವನು ತಿಂಗಳಾದ ಮೇಲೆ ತಂದು ತೋರಿಸಿದ. ಒಂದು ಹನಿ ನೀರು ಬಿಟ್ಟಿರಲಿಲ್ಲ. ಎಷ್ಟು ಸಲ ಹೇಳಿದರೂ ಜನ ಥರ್ಮಾಮೀಟರ್ ಮಾತ್ರ ಕೊಳ್ಳುವುದಿಲ್ಲ. ದಯವಿಟ್ಟು ಕೊಳ್ಳಿ. ಬೆರಳು ಅದ್ದಿ ಬಿಸಿ ನೋಡುವ ಕೆಲಸ ಇದಲ್ಲ.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. 100 ಗ್ರಾಂಗೆ ನನ್ನ ಲೆಕ್ಕ ಬರೆದುಕೊಳ್ಳಿ. ಡಿಸ್ಟಿಲ್ಡ್ ನೀರು 60 ಗ್ರಾಂ, ಹರಳೆಣ್ಣೆ 20, ಎಮಲ್ಸಿಫೈಯಿಂಗ್ ವ್ಯಾಕ್ಸ್ 11, ಜೇನುಮೇಣ 8, ಕೆಡದಂತೆ ಕಾಯುವ ಪ್ರಿಸರ್ವೇಟಿವ್ 1. ಚಮಚದ ಅಳತೆ ಬೇಡ, ತೂಗಿಯೇ ಹಾಕಿ. ಕಾಯುವಾಗ ನೀರು ಆವಿಯಾಗುತ್ತದೆ, ಪಾತ್ರೆಯನ್ನು ಮತ್ತೆ ತೂಗಿ ಕಡಿಮೆಯಾದಷ್ಟು ಬಿಸಿನೀರು ಸೇರಿಸಿ. ಕೈ ಬ್ಲೆಂಡರ್‌ನ ತಲೆ ಪೂರ್ತಿ ಮುಳುಗಿರಲಿ, ಇಲ್ಲದಿದ್ದರೆ ಗಾಳಿ ಸೇರಿ ನೊರೆಯಾಗುತ್ತದೆ. ಎರಡು ನಿಮಿಷ ಸಾಕು. ಆಮೇಲೆ ಸುಮ್ನೆ ಬಿಟ್ಟು ಹೋಗಬೇಡಿ, 40 ಡಿಗ್ರಿಗೆ ಇಳಿಯುವ ತನಕ ಸೌಟಿನಲ್ಲಿ ನಿಧಾನಕ್ಕೆ ಕೈಯಾಡಿಸುತ್ತಲೇ ಇರಿ.

ಅಷ್ಟರಲ್ಲಿ ಒಡೆಯುವ ಹಾಗೆ ಕಂಡರೆ ಗಾಬರಿ ಬೇಡ. ಪಾತ್ರೆಯನ್ನು ಮತ್ತೆ ಬಾಣಲೆಯಲ್ಲಿಟ್ಟು 75ಕ್ಕೆ ತಂದು ಇನ್ನೊಮ್ಮೆ ತಿರುವಿ. ನೋಡಿ, ಇಲ್ಲಿಯೂ ಕೈ ಹಿಡಿಯುವುದು ಅದೇ 75.

ಪ್ರಿಸರ್ವೇಟಿವ್ ಹಾಕುವುದು 40 ಡಿಗ್ರಿಗೆ ಇಳಿದ ಮೇಲೆ. ಅದು ರಾಸಾಯನಿಕ, ನಮಗೆ ಬೇಡ ಅನ್ನುವವರಿದ್ದಾರೆ. ನೀರಿರುವ ಪೊಮೇಡ್‌ಗೆ ಅದು ಬೇಕೇ ಬೇಕು. ಬೂಷ್ಟು ಹಿಡಿದದ್ದನ್ನು ತಲೆಗೆ ಹಚ್ಚಿಕೊಳ್ಳುತ್ತೀರಾ?

ಡಬ್ಬಿಗೆ ತುಂಬಿದ ತಕ್ಷಣ ಮುಚ್ಚಳ ಬಿಗಿಯಬೇಡಿ. ಒಳಗಿನ ಆವಿ ಮುಚ್ಚಳಕ್ಕೆ ಹನಿಗಟ್ಟಿ ಮತ್ತೆ ಪೊಮೇಡ್ ಮೇಲೇ ಬೀಳುತ್ತದೆ, ಬೂಷ್ಟು ಮೊದಲು ಶುರುವಾಗುವುದು ಆ ಹನಿಯಲ್ಲೇ. ತೆಳ್ಳಗಿನ ಒಗೆದ ಬಟ್ಟೆ ಹೊದಿಸಿಡಿ, ಪೂರ್ತಿ ತಣಿದ ಮೇಲೆ ಮುಚ್ಚಿ.

ನಮಸ್ಕಾರ.