ಗೋಲಿಗೆ ಮುಂಚಿನ ಪಾಸ್

ಮಾನ್ಯ ಶ್ರೋತೃಗಳೇ, ನಮಸ್ಕಾರ. ಕ್ರೊಯೇಷಿಯಾದ ಫುಟ್‌ಬಾಲ್ ಆಟಗಾರ, ಮೈದಾನದ ನಡುಭಾಗದಲ್ಲಿ ಆಡುವ ಮಿಡ್‌ಫೀಲ್ಡರ್ ಲೂಕಾ ಮೋದ್ರಿಚ್ ಅವರ ಹೆಸರನ್ನು ಎತ್ತಿದ ಕೂಡಲೇ ನಮ್ಮಲ್ಲಿ ಹಲವರು ಕೇಳುವ ಮೊದಲ ಪ್ರಶ್ನೆ, ಅವರು ಎಷ್ಟು ಗೋಲು ಹೊಡೆದಿದ್ದಾರೆ ಎಂಬುದು. ಈ ಭಾಷಣ ಮುಗಿಯುವವರೆಗಾದರೂ ದಯವಿಟ್ಟು ಆ ಪ್ರಶ್ನೆಯನ್ನು ಬದಿಗಿಡಿ. ಮಿಡ್‌ಫೀಲ್ಡರ್ ಆದವರ ಆಟವನ್ನು ಅಳೆಯಬೇಕಾದರೆ ಗೋಲಿಗೆ ಮುಂಚಿನ ಪಾಸ್ ಯಾರ ಕಾಲಿನಿಂದ ಹೊರಟಿತು ಎಂಬುದನ್ನು ನೋಡಬೇಕು. ಯಕ್ಷಗಾನದಲ್ಲಿ ಪ್ರಸಂಗವನ್ನು ನಡೆಸುವವರು ಹಿಂದೆ ಕುಳಿತ ಭಾಗವತರೇ ಎಂಬುದನ್ನು ಬಲ್ಲವರಿಗೆ ನಾನು ಹೆಚ್ಚು ವಿವರಿಸಬೇಕಾಗಿಲ್ಲ.

ಮೋದ್ರಿಚ್ 1985ರಲ್ಲಿ ಝಾದರ್ ನಗರದಲ್ಲಿ ಜನಿಸಿದರು. 1991ರಲ್ಲಿ, ಕ್ರೊಯೇಷಿಯಾದ ಸ್ವಾತಂತ್ರ್ಯ ಯುದ್ಧದ ಮೊದಲ ವರ್ಷದಲ್ಲೇ, ಅವರ ಅಜ್ಜನ ಕೊಲೆಯಾಯಿತು. ಕುಟುಂಬವು ಮನೆ ತೊರೆದು ಹೋಟೆಲಿನ ಕೋಣೆಯಲ್ಲಿ ನಿರಾಶ್ರಿತರಾಗಿ ವರ್ಷಗಳನ್ನು ಕಳೆಯಿತು. ಪತ್ರಿಕೆಗಳು ಈ ಕಥೆಯನ್ನು ಸಾಕಷ್ಟು ಹೇಳಿವೆ, ಆದುದರಿಂದ ನಾನು ಮುಂದೆ ಸಾಗುತ್ತೇನೆ. ತೀರಾ ಸಣಕಲ ಎಂದು ಹಾಯ್ದುಕ್ ಸ್ಪ್ಲಿಟ್ ಕ್ಲಬ್ ತಿರಸ್ಕರಿಸಿದ ಹುಡುಗ ದಿನಾಮೊ ಝಾಗ್ರೆಬ್ ಸೇರಿ, 2008ರಲ್ಲಿ ಲಂಡನ್ನಿನ ಟಾಟನ್‌ಹ್ಯಾಮ್‌ಗೆ, 2012ರಲ್ಲಿ ರಿಯಲ್ ಮ್ಯಾಡ್ರಿಡ್‌ಗೆ ಹೋದರು. ಅದೇ ವರ್ಷದ ಕೊನೆಗೆ ಸ್ಪೇನಿನ ಕ್ರೀಡಾಪತ್ರಿಕೆಯೊಂದರ ಓದುಗರು ಅವರನ್ನು ಆ ವರ್ಷದ ಅತ್ಯಂತ ಕೆಟ್ಟ ಖರೀದಿಯೆಂದು ಆರಿಸಿದರು. ಗೋಲುಗಳನ್ನಷ್ಟೇ ಎಣಿಸಿದರೆ ಇಂಥ ತೀರ್ಪೇ ಹೊರಬರುತ್ತದೆ.

ಈಗ ನನಗೆ ಅತ್ಯಂತ ಪ್ರಿಯವಾದ ಪಂದ್ಯಕ್ಕೆ ಬರುತ್ತೇನೆ. 2018ರ ಜುಲೈ 1ರಂದು ರಷ್ಯಾದ ನಿಜ್ನಿ ನೊವ್ಗೊರೊದ್ ನಗರದಲ್ಲಿ ವಿಶ್ವಕಪ್ಪಿನ ಹದಿನಾರರ ಘಟ್ಟದಲ್ಲಿ ಕ್ರೊಯೇಷಿಯಾ ಡೆನ್ಮಾರ್ಕನ್ನು ಎದುರಿಸಿತು. ಮೊದಲ ನಿಮಿಷದಲ್ಲೇ ಡೆನ್ಮಾರ್ಕ್ ಗೋಲು ಗಳಿಸಿತು, ನಾಲ್ಕನೆಯ ನಿಮಿಷದಲ್ಲಿ ಮಾಂಜುಕಿಚ್ ಸಮ ಮಾಡಿದರು, ಆಮೇಲೆ ನಿಗದಿತ ಅವಧಿ ಮುಗಿದು ಹೆಚ್ಚುವರಿ ಅವಧಿ ತೀರುತ್ತಾ ಬಂದರೂ ಯಾರೂ ಗೋಲು ಹೊಡೆಯಲಿಲ್ಲ. ಆಟಗಾರರ ಕಾಲುಗಳು ಸೋತಿದ್ದ ಆ ಹೊತ್ತಿನಲ್ಲಿ ಮೋದ್ರಿಚ್ ಮೈದಾನದ ನಡುವಿನಿಂದ, ಡೆನ್ಮಾರ್ಕಿನ ರಕ್ಷಣಾ ಸಾಲನ್ನು ಸೀಳಿಕೊಂಡು ಹೋಗುವ ಒಂದು ಪಾಸ್ ಕೊಟ್ಟರು. ಓಡುತ್ತಿದ್ದ ರೆಬಿಚ್ ಅದನ್ನು ಹಿಡಿದು ಗೋಲ್‌ಕೀಪರ್ ಕ್ಯಾಸ್ಪರ್ ಶ್ಮೈಕಲ್ ಅವರನ್ನೂ ದಾಟಿದರು. ಎದುರಿಗೆ ಬರಿದಾದ ಗೋಲು ಇದ್ದಾಗಲೇ ಹಿಂದಿನಿಂದ ಬಂದ ರಕ್ಷಕ ಅವರನ್ನು ಬೀಳಿಸಿದ್ದರಿಂದ ಕ್ರೊಯೇಷಿಯಾಕ್ಕೆ ಪೆನಾಲ್ಟಿ, ಅಂದರೆ ಗೋಲ್‌ಕೀಪರ್ ಒಬ್ಬರನ್ನೇ ಎದುರಿಸುವ ಒದೆತ, ದೊರೆಯಿತು. ನಾಯಕರಾದ ಮೋದ್ರಿಚ್ ಅವರೇ ಒದ್ದರು, ಶ್ಮೈಕಲ್ ಹಿಡಿದುಬಿಟ್ಟರು.

ಈ ಪಂದ್ಯವನ್ನು ನೆನೆಯುವವರೆಲ್ಲರೂ ಆ ಪೆನಾಲ್ಟಿ ತಪ್ಪಿದ್ದನ್ನು ಹೇಳುತ್ತಾರೆಯೇ ಹೊರತು, ಆ ಪೆನಾಲ್ಟಿಯನ್ನು ಸೃಷ್ಟಿಸಿದ ಪಾಸ್ ಕೂಡ ಅವರದೇ ಎಂಬುದನ್ನು ಯಾರೂ ಹೇಳುವುದಿಲ್ಲ. ನನಗೆ ಬೇಸರ ತರುವುದು ಇದೇ. ಮುಂದೆ, ಸಮವಾದ ಪಂದ್ಯವನ್ನು ಪೆನಾಲ್ಟಿ ಒದೆತಗಳಿಂದ ತೀರ್ಮಾನಿಸುವ ಶೂಟೌಟ್ ನಡೆದಾಗ ಅದೇ ಗೋಲ್‌ಕೀಪರ್ ಎದುರು ಮೋದ್ರಿಚ್ ಮತ್ತೆ ನಿಂತರು ಮತ್ತು ಈ ಸಲ ಗೋಲು ಹೊಡೆದರು. ಕ್ರೊಯೇಷಿಯಾದ ಗೋಲ್‌ಕೀಪರ್ ಸುಬಾಶಿಚ್ ಮೂರು ಒದೆತಗಳನ್ನು ತಡೆದರು, ರಾಕಿಟಿಚ್ ಕೊನೆಯದನ್ನು ಒದ್ದು ಪಂದ್ಯವನ್ನು ಗೆಲ್ಲಿಸಿದರು. ಕ್ರೊಯೇಷಿಯಾ ಫೈನಲ್‌ವರೆಗೆ ನಡೆದು ಫ್ರಾನ್ಸಿಗೆ 4-2ರಿಂದ ಸೋತಿತು. ಆ ವಿಶ್ವಕಪ್ಪಿನಲ್ಲಿ ಅತಿ ಹೆಚ್ಚು, ಅಂದರೆ 6 ಗೋಲು ಹೊಡೆದವರು ಇಂಗ್ಲೆಂಡಿನ ಹ್ಯಾರಿ ಕೇನ್. ಶ್ರೇಷ್ಠ ಆಟಗಾರನೆಂಬ ಗೋಲ್ಡನ್ ಬಾಲ್ ಮಾತ್ರ ಕೇವಲ 2 ಗೋಲು ಹೊಡೆದ ಮೋದ್ರಿಚ್ ಅವರಿಗೆ ಸಂದಿತು.

ಸಮಯ ಮುಗಿಯುತ್ತಾ ಬಂದಿರುವುದರಿಂದ ಉಳಿದದ್ದನ್ನು ಬೇಗ ಹೇಳುತ್ತೇನೆ. ಅದೇ ವರ್ಷ, ಜಗತ್ತಿನ ಶ್ರೇಷ್ಠ ಫುಟ್‌ಬಾಲ್ ಆಟಗಾರನಿಗೆ ಕೊಡುವ ಬ್ಯಾಲನ್ ಡಿ'ಓರ್ ಗೆದ್ದು, ಹತ್ತು ವರ್ಷ ಮೆಸ್ಸಿ ಮತ್ತು ರೊನಾಲ್ಡೊ ಇಬ್ಬರೇ ಹಂಚಿಕೊಂಡಿದ್ದ ಪ್ರಶಸ್ತಿಯನ್ನು ಅವರು ತಮ್ಮದಾಗಿಸಿಕೊಂಡರು. ಮ್ಯಾಡ್ರಿಡ್‌ನಲ್ಲಿ, ಯುರೋಪಿನ ಕ್ಲಬ್‌ಗಳ ಅಗ್ರ ಪಂದ್ಯಾವಳಿಯಾದ ಚಾಂಪಿಯನ್ಸ್ ಲೀಗ್ 6 ಸಲ ಸೇರಿದಂತೆ 28 ಪ್ರಶಸ್ತಿಗಳು ದೊರೆತವು. ಆ ಲೀಗಿನ 2014ರ ಲಿಸ್ಬನ್ ಫೈನಲ್‌ನ 93ನೆಯ ನಿಮಿಷದಲ್ಲಿ ಮ್ಯಾಡ್ರಿಡ್‌ನ ರಾಮೋಸ್ ತಲೆಯಿಂದ ಹೊಡೆದ ಪ್ರಸಿದ್ಧ ಗೋಲಿಗೆ ಮೈದಾನದ ಮೂಲೆಯಿಂದ ಕಾರ್ನರ್ ಒದ್ದವರೂ ಇವರೇ. 2025ರಲ್ಲಿ, ನಲವತ್ತರ ಹೊಸ್ತಿಲಲ್ಲಿ, ಇಟಲಿಯ ಎಸಿ ಮಿಲಾನ್ ಸೇರಿದರು.

2022ರ ಏಪ್ರಿಲ್‌ನಲ್ಲಿ ಚೆಲ್ಸಿ ಕ್ಲಬ್ ವಿರುದ್ಧ ಪಾದದ ಹೊರಬದಿಯಿಂದ ಅವರು ಕೊಟ್ಟ ಪಾಸಿನ ಬಗ್ಗೆ ವಿವರವಾಗಿ ಹೇಳಬೇಕೆಂದಿದ್ದೆ, ಡೆನ್ಮಾರ್ಕ್ ಪಂದ್ಯವೇ ಹೊತ್ತನ್ನೆಲ್ಲ ನುಂಗಿತು. ಆ ದೃಶ್ಯವನ್ನು ನೀವೇ ಹುಡುಕಿ ನೋಡಿ. ಆದರೆ ಗೋಲು ಹೊಡೆದ ರೋಡ್ರಿಗೋ ಅವರನ್ನಲ್ಲ, ಅದಕ್ಕೂ ಮೊದಲು ಮೋದ್ರಿಚ್ ಅವರ ಬಲಗಾಲನ್ನು ನೋಡಿ. ನಮಸ್ಕಾರ.