ಗಡ್ಡೆಯ ಚೂರು ಒಂದೇ ಸಾಲದು

ಆಕಾಶವಾಣಿ ಮೈಸೂರು ಕೇಂದ್ರದ ಕೇಳುಗರಿಗೆ ನಮಸ್ಕಾರ.

ನನ್ನ ಕೆಲಸ ಕ್ಯಾನ್ಸರ್ ಸಂಶೋಧನೆ. ಆದರೆ ನಾನು ರೋಗಿಗಳನ್ನು ನೋಡುವ ಡಾಕ್ಟರ್ ಅಲ್ಲ. ಗಡ್ಡೆಯ ಚೂರಿನಿಂದ ಯಂತ್ರ ಓದಿದ ಡಿಎನ್‌ಎ ಅಕ್ಷರಗಳು ಫೈಲುಗಳಾಗಿ ನನ್ನ ಹತ್ತಿರ ಬರುತ್ತವೆ. ಅದರಲ್ಲಿ ಏನು ಕೆಟ್ಟಿದೆ ಅಂತ ಹುಡುಕುತ್ತೇನೆ. "ಎಲ್ಲಾ ಕಂಪ್ಯೂಟರೇ ಹೇಳಿಬಿಡುತ್ತೆ ಅಲ್ವಾ?" ಅಂತ ಮಂಡ್ಯದ ನೆಂಟರು ಸಿಕ್ಕಾಗಲೆಲ್ಲ ಕೇಳುತ್ತಾರೆ. ಇಲ್ಲ. ಕಂಪ್ಯೂಟರ್ ತಾನಾಗಿ ಏನೂ ಹೇಳುವುದಿಲ್ಲ. ಎರಡನ್ನು ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ತೋರಿಸುತ್ತದೆ, ಅಷ್ಟೇ. ಅದಕ್ಕೇ ಹೇಳುತ್ತಿದ್ದೇನೆ: ಗಡ್ಡೆಯ ಚೂರು ಒಂದೇ ಸಾಲದು, ಅದೇ ರೋಗಿಯ ರಕ್ತವೂ ಬೇಕು.

ಯಾಕೆ ಬೇಕು? ನಮಗೆ ಅಪ್ಪನಿಂದ ಸುಮಾರು 300 ಕೋಟಿ ಡಿಎನ್‌ಎ ಅಕ್ಷರ ಬಂದಿರುತ್ತವೆ, ಅಮ್ಮನಿಂದಲೂ ಅಷ್ಟೇ. ವಿಜ್ಞಾನಿಗಳು ಮಾದರಿ ಅಂತ ಇಟ್ಟುಕೊಂಡಿರುವ ಜೀನೋಮಿಗೆ, ಅಂದರೆ ಪೂರ್ತಿ ಡಿಎನ್‌ಎ ಬರಹಕ್ಕೆ, ನಿಮ್ಮದನ್ನು ಹೋಲಿಸಿದರೆ 40-50 ಲಕ್ಷ ಕಡೆ ವ್ಯತ್ಯಾಸ ಸಿಗುತ್ತದೆ. ಅದು ಕಾಯಿಲೆಯಲ್ಲ, ಹುಟ್ಟಿನಿಂದ ಬಂದದ್ದು. ಗಡ್ಡೆಯಲ್ಲಿ ಹೊಸದಾಗಿ ಆದ ಬದಲಾವಣೆ ಆ ರಾಶಿಯಲ್ಲಿ ಮುಚ್ಚಿಹೋಗುತ್ತದೆ. ಪಹಣಿಯ ನಕಲನ್ನು ಯಾರಾದರೂ ತಿದ್ದಿದ್ದಾರಾ ಅಂತ ಗೊತ್ತಾಗಬೇಕಾದರೆ ಮೂಲ ಪ್ರತಿ ಬೇಕಲ್ಲ? ರೋಗಿಯ ರಕ್ತವೇ ಆ ಮೂಲ ಪ್ರತಿ. ರಕ್ತದ ಕ್ಯಾನ್ಸರ್ ಆದರೆ ಚರ್ಮದ ಸಣ್ಣ ಚೂರು ತೆಗೆಯುತ್ತಾರೆ.

ಇಲ್ಲಿ ಜಾನೆಟ್ ರೌಲಿ ಅವರ ಕತೆ ಹೇಳಲೇಬೇಕು. ಅಮೆರಿಕದ ಶಿಕಾಗೋದ ಡಾಕ್ಟರ್. ನಾಲ್ಕು ಗಂಡು ಮಕ್ಕಳ ತಾಯಿ, ಮಕ್ಕಳಿಗಾಗಿ ಎಷ್ಟೋ ವರ್ಷ ಅರೆಕಾಲಿಕವಾಗಿ ದುಡಿದವರು. ನಮ್ಮ ಜೀವಕೋಶದಲ್ಲಿ ಡಿಎನ್‌ಎ ಕ್ರೋಮೊಸೋಮು ಅನ್ನುವ ಜೋಡಿ ಜೋಡಿ ಕಟ್ಟುಗಳಾಗಿ ಇರುತ್ತದೆ. ಸಿಎಂಎಲ್ ಅನ್ನುವ ಒಂದು ಥರದ ರಕ್ತದ ಕ್ಯಾನ್ಸರ್ ಇದೆ. ಅದು ಬಂದವರ ಜೀವಕೋಶದಲ್ಲಿ ಒಂದು ಕ್ರೋಮೊಸೋಮು ತೀರಾ ಗಿಡ್ಡ ಇರುತ್ತದೆ ಅಂತ 1960ರಲ್ಲೇ ಫಿಲಡೆಲ್ಫಿಯಾದ ಇಬ್ಬರು ಕಂಡಿದ್ದರು. ಅದರ ತುಂಡು ಕಳೆದುಹೋಗಿದೆ ಅಂತಲೇ ಜನ ನಂಬಿದ್ದರು. ರೌಲಿ ಏನು ಮಾಡಿದರು ಗೊತ್ತಾ? ಕ್ರೋಮೊಸೋಮುಗಳ ಫೋಟೋ ಮನೆಗೆ ತಂದು, ಒಂದೊಂದನ್ನೂ ಕತ್ತರಿಯಿಂದ ಬಿಡಿಸಿ, ಊಟದ ಮೇಜಿನ ಮೇಲೆ ಜೋಡಿ ಜೋಡಿಯಾಗಿ ಇಟ್ಟರು. "ಅಮ್ಮ ಕಾಗದದ ಗೊಂಬೆ ಆಡ್ತಿದ್ದಾಳೆ" ಅಂತ ಮಕ್ಕಳು ರೇಗಿಸುತ್ತಿದ್ದರಂತೆ. ಅವರು ಬಿಡಲಿಲ್ಲ. ಗಿಡ್ಡ ಆಗಿದ್ದು 22ನೇ ಕ್ರೋಮೊಸೋಮು. ಅದೇ ಜೀವಕೋಶದ 9ನೇದರ ತುದಿಯಲ್ಲಿ ಅದರ ಜೋಡಿಗಿಂತ ಒಂದಿಷ್ಟು ಜಾಸ್ತಿ ಇತ್ತು. ತುಂಡು ಎಲ್ಲೂ ಕಳೆದಿರಲಿಲ್ಲ, ಜಾಗ ಬದಲಿಸಿತ್ತು! ಅದನ್ನು 1973ರಲ್ಲಿ ಪ್ರಕಟಿಸಿದರು. 9ನೇದರ ಒಂದು ತುಣುಕೂ 22ನೇದಕ್ಕೆ ಬಂದು ಅಂಟಿದೆ, ಆ ಬೆಸುಗೆ ಬಿದ್ದ ಜಾಗದಿಂದ ಒಂದು ಕೆಟ್ಟ ಪ್ರೋಟೀನು ಹುಟ್ಟುತ್ತದೆ ಅಂತ ಮುಂದೆ ತಿಳಿಯಿತು. ಅದನ್ನು ತಡೆಯುವ ಇಮಾಟಿನಿಬ್ ಮಾತ್ರೆಗೆ 2001ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದರ ಒಂದು ಪೇಟೆಂಟ್ ಅರ್ಜಿಯನ್ನು 2013ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ತಳ್ಳಿಹಾಕಿದ್ದರಿಂದ ಕಡಿಮೆ ಬೆಲೆಯ ಮಾತ್ರೆ ಇಲ್ಲಿ ಉಳಿಯಿತು. ಈ ಮಾತ್ರೆ ಬರುವ ಮೊದಲು ಕೆಲವೇ ವರ್ಷಕ್ಕೆ ಜೀವ ತೆಗೆಯುತ್ತಿದ್ದ ಕಾಯಿಲೆ ಸಿಎಂಎಲ್. ಈಗ ಬಹಳಷ್ಟು ರೋಗಿಗಳು ದಿನಾ ಮಾತ್ರೆ ನುಂಗಿಕೊಂಡು ಹೊಲಕ್ಕೂ ಆಫೀಸಿಗೂ ಹೋಗಿ ಬರುತ್ತಾರೆ.

ಎಲ್ಲಾ ಶುರುವಾದದ್ದು ಪಕ್ಕಪಕ್ಕ ಇಟ್ಟು ನೋಡಿದ್ದರಿಂದ. ನಾವು ಕಂಪ್ಯೂಟರಿನಲ್ಲಿ ಮಾಡುವುದೂ ಅದನ್ನೇ, ಕೋಟಿಗಟ್ಟಲೆ ಅಕ್ಷರಗಳ ಮೇಲೆ.

ಸಮಯ ಆಗುತ್ತಿದೆ ಅಂತ ಸನ್ನೆ ಮಾಡುತ್ತಿದ್ದಾರೆ, ಬೇಗ ಹೇಳುತ್ತೇನೆ. ಅಮೆರಿಕದವರು 2006ರಲ್ಲಿ ಶುರು ಮಾಡಿದ ಟಿಸಿಜಿಎ, ಅಂದರೆ 'ದ ಕ್ಯಾನ್ಸರ್ ಜೀನೋಮ್ ಅಟ್ಲಾಸ್' ಅನ್ನುವ ಯೋಜನೆಯಲ್ಲಿ 33 ಬಗೆಯ ಕ್ಯಾನ್ಸರಿನ ಮಾಹಿತಿ ಇದೆ. ಬಹುಪಾಲು ಪುಕ್ಕಟೆ. ಬಿ.ಎಸ್ಸಿ. ಓದುವ ಮಕ್ಕಳೇ, ಇಳಿಸಿಕೊಂಡು ಕಲಿಯಿರಿ. ಗಣಿತ ಮಾತ್ರ ಬಿಡಬೇಡಿ. ಆದರೆ ಆ ಟಿಸಿಜಿಎ ಮಾಹಿತಿಯಲ್ಲಿ ನಮ್ಮ ದೇಶದವರಂಥ ರೋಗಿಗಳು ಕಡಿಮೆ. ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುವ ಊರುಗಳಲ್ಲಿ ಬರುವ ಬಾಯಿ ಕ್ಯಾನ್ಸರ್ ಅರ್ಥವಾಗಬೇಕಾದರೆ ನಮ್ಮವರ ಚೂರು, ನಮ್ಮವರ ರಕ್ತವೇ ಬೇಕು.

ಆದ್ದರಿಂದ ಆಸ್ಪತ್ರೆಯಲ್ಲಿ ಸಂಶೋಧನೆಗೆ ಅಂತ ಒಂದು ಸಣ್ಣ ಟ್ಯೂಬ್ ರಕ್ತ ಕೇಳಿದರೆ, "ಬಯಾಪ್ಸಿ ಕೊಟ್ಟಾಯ್ತಲ್ಲ, ಇದ್ಯಾಕೆ?" ಅಂತ ಎದ್ದು ಬರಬೇಡಿ. ಒಪ್ಪಿಗೆ ಪತ್ರ ಓದಿಸಿ ಕೇಳಿ. ಹೆಸರು ಗುಟ್ಟಾಗಿ ಇಡುತ್ತಾರಾ, ಯಾರು ನೋಡುತ್ತಾರೆ, ಎಲ್ಲಾ ವಿಚಾರಿಸಿ. ಒಪ್ಪಿಗೆ ಅನಿಸಿದರೆ ಸಹಿ ಹಾಕಿ ರಕ್ತ ಕೊಡಿ. ನಮಸ್ಕಾರ.