ಫೋನು ಓದುತ್ತದೆ, ನೋಟ್ಸು ಓದಿಸಿಕೊಳ್ಳಬೇಕಲ್ಲ!

ಕೇಳುಗರಿಗೆ ನಮಸ್ಕಾರ. ಆನ್‌ಲೈನ್ ಪಾಠ ಕೇಳುವ ಅಂಗವಿಕಲ ವಿದ್ಯಾರ್ಥಿಗಳು, ಅವರ ಮನೆಯವರು, ಅದಕ್ಕಿಂತ ಹೆಚ್ಚಾಗಿ ಅವರಿಗೆ ನೋಟ್ಸ್ ಕಳಿಸುವ ಮೇಷ್ಟ್ರು, ಮೇಡಮ್ಮುಗಳು ಇವತ್ತು ಸ್ವಲ್ಪ ಕಿವಿಗೊಡಬೇಕು. ಬೇಕಾದ ಸೌಲಭ್ಯದ ಬಹುಪಾಲು ಕೈಯಲ್ಲಿರುವ ಫೋನಿನಲ್ಲೇ ಇದೆ, ಅದಕ್ಕೆ ದುಡ್ಡು ಕೊಡಬೇಕಿಲ್ಲ. ತೊಡಕಿರುವುದು ಬೇರೆ ಕಡೆ.

ಮೊದಲು ಕಣ್ಣು ಕಾಣದವರ ವಿಷಯ. ಆಂಡ್ರಾಯ್ಡ್ ಫೋನಿನಲ್ಲಿ ಸೆಟ್ಟಿಂಗ್ಸ್, ಅದರೊಳಗೆ ಆಕ್ಸೆಸಿಬಿಲಿಟಿ, ಅದರೊಳಗೆ ಟಾಕ್‌ಬ್ಯಾಕ್, ಅಂದರೆ ತೆರೆಯ ಮೇಲಿರುವುದನ್ನು ಓದಿ ಹೇಳುವ ಸೌಲಭ್ಯ. ಇದನ್ನು ಆನ್ ಮಾಡಿದ ಕೂಡಲೇ ಮನೆಯವರಿಗೆ ಗಾಬರಿ, ಫೋನೇ ಹಾಳಾಯಿತು ಅಂತ. ಹಾಳಾಗಿರುವುದಿಲ್ಲ. ಒಮ್ಮೆ ಮುಟ್ಟಿದರೆ ಬೆರಳಿನಡಿ ಇರುವುದನ್ನು ಓದುತ್ತದೆ, ಅಷ್ಟೇ. ತೆರೆಯಬೇಕಾದರೆ ಎರಡು ಸಲ ಬೇಗಬೇಗ ತಟ್ಟಬೇಕು. ಪುಟ ಸರಿಸಲು ಎರಡು ಬೆರಳು ಬೇಕು. ಶಾರ್ಟ್‌ಕಟ್ ಇಟ್ಟುಕೊಂಡಿದ್ದರೆ, ಎರಡೂ ವಾಲ್ಯೂಮ್ ಬಟನ್ ಒಟ್ಟಿಗೆ 3 ಸೆಕೆಂಡ್ ಒತ್ತಿ ಹಿಡಿದರೆ ಆಫ್ ಆಗುತ್ತದೆ. ಹಾಗೇ ಮತ್ತೆ ಹಿಡಿದರೆ ಆನ್. ಈ ಶಾರ್ಟ್‌ಕಟ್ ಅನ್ನು ಮೊದಲ ದಿನವೇ ಹಾಕಿಕೊಳ್ಳಿ.

ಟೆಕ್ಸ್ಟ್ ಟು ಸ್ಪೀಚ್ ಸೆಟ್ಟಿಂಗ್‌ಗೆ ಹೋಗಿ ಕನ್ನಡದ ಧ್ವನಿಯನ್ನು ಡೌನ್‌ಲೋಡ್ ಮಾಡಿಟ್ಟುಕೊಂಡರೆ ಜಗಳೂರು, ಮೊಳಕಾಲ್ಮುರು ಕಡೆಯ ಹಳ್ಳಿಗಳಲ್ಲಿ ನೆಟ್‌ವರ್ಕ್ ಹೋದರೂ ಓದು ನಿಲ್ಲುವುದಿಲ್ಲ. ಆನ್‌ಲೈನ್ ತರಗತಿಯಲ್ಲಿ ಕಿವಿಗೆ ಇಯರ್‌ಫೋನ್ ಇರಲಿ, ಮೈಕ್ ಮ್ಯೂಟ್ ಆಗಿರಲಿ. ಇಲ್ಲದಿದ್ದರೆ ಟಾಕ್‌ಬ್ಯಾಕ್ ಓದುವುದೆಲ್ಲ ಇಡೀ ತರಗತಿಗೆ ಕೇಳಿಸುತ್ತದೆ. ಕಂಪ್ಯೂಟರ್ ಇದ್ದವರಿಗೆ ತೆರೆಯ ಮೇಲಿರುವುದನ್ನು ಓದುವ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶವಿದೆ, ಅದೂ ಕನ್ನಡ ಓದುತ್ತದೆ.

ಈಗ ತೊಡಕಿನ ಮಾತು. ಮೇಷ್ಟ್ರು ಗ್ರೂಪಿಗೆ ನೋಟ್ಸ್ ಹಾಕುತ್ತಾರೆ. ಪುಟದ ಫೋಟೋ ತೆಗೆದು ಪಿಡಿಎಫ್ ಮಾಡಿರುತ್ತಾರೆ. ಕಣ್ಣಿಗೆ ಅದು ಅಕ್ಷರ, ಫೋನಿಗೆ ಬರೀ ಚಿತ್ರ. ಚಿತ್ರದಲ್ಲಿ ಓದುವುದಕ್ಕೆ ಏನೂ ಇಲ್ಲ, ಹಾಗಾಗಿ ಸುಮ್ಮನಾಗುತ್ತದೆ. ಇದಕ್ಕೆ ಪರಿಹಾರವಿದೆ. ಫೋಟೋವನ್ನು ಗೂಗಲ್ ಡ್ರೈವ್‌ಗೆ ಹಾಕಿ, ಕಂಪ್ಯೂಟರ್‌ನಲ್ಲಿ ಅದರ ಮೇಲೆ ರೈಟ್ ಕ್ಲಿಕ್ ಮಾಡಿ, 'ಓಪನ್ ವಿತ್' ಒತ್ತಿ, ಗೂಗಲ್ ಡಾಕ್ಸ್ ಆರಿಸಿ. ಇನ್ನೊಮ್ಮೆ ಹೇಳುತ್ತೇನೆ: ರೈಟ್ ಕ್ಲಿಕ್, ಓಪನ್ ವಿತ್, ಗೂಗಲ್ ಡಾಕ್ಸ್. ಚಿತ್ರದ ಕೆಳಗೆ ಕನ್ನಡ ಅಕ್ಷರಗಳು ಬರುತ್ತವೆ. ಪುಟ ಓರೆಯಾಗಿದ್ದರೆ, ನೆರಳು ಬಿದ್ದಿದ್ದರೆ ಒತ್ತಕ್ಷರ ತಪ್ಪುತ್ತವೆ. ಕೋಷ್ಟಕವಿದ್ದರೆ ಸಾಲುಗಳು ಕಲಸಿಹೋಗುತ್ತವೆ. ಒಮ್ಮೆ ಕಣ್ಣಾಡಿಸದೆ ಕಳಿಸಬೇಡಿ.

ಎರಡನೆಯದು ಇನ್ನೂ ಮೋಸದ್ದು. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಕಡತ ತೆರೆಯ ಮೇಲೆ ಅಚ್ಚುಕಟ್ಟಾದ ಕನ್ನಡ. ಒಳಗಿರುವುದು ಮಾತ್ರ ಇಂಗ್ಲಿಷ್ ಅಕ್ಷರ, ಚಿಹ್ನೆಗಳು. 'ಕನ್ನಡ' ಎಂಬ ಪದದ ಹಿಂದೆ ಒಂದು 'ಪಿ', ಒಂದು ಪೌಂಡ್ ಗುರುತು, ಒಂದು 'ಕ್ಯೂ' ಅಡಗಿ ಕುಳಿತಿರುತ್ತವೆ. ಓದುವ ತಂತ್ರಾಂಶ ಪಾಪ, ಅದನ್ನೇ ಓದುತ್ತದೆ. ವಿದ್ಯಾರ್ಥಿಗೆ ಕೇಳುವುದು ಅರ್ಥವಿಲ್ಲದ ಗದ್ದಲ. ಪರೀಕ್ಷಿಸುವುದು ಸುಲಭ: ಕಡತದಿಂದ ಒಂದು ಸಾಲು ಕಾಪಿ ಮಾಡಿ ವಾಟ್ಸಾಪ್‌ನಲ್ಲಿ ಪೇಸ್ಟ್ ಮಾಡಿ. ಕನ್ನಡ ಕಂಡರೆ ಅದು ಯೂನಿಕೋಡ್, ಅಂದರೆ ಎಲ್ಲ ಫೋನು, ಕಂಪ್ಯೂಟರಿಗೂ ಕನ್ನಡವೆಂದೇ ತಿಳಿಯುವ ಅಕ್ಷರ, ನಿಶ್ಚಿಂತೆ. ಚಿತ್ರವಿಚಿತ್ರ ಗುರುತು ಕಂಡರೆ ಫಾಂಟ್ ಪರಿವರ್ತಕ ತಂತ್ರಾಂಶದಲ್ಲಿ ಯೂನಿಕೋಡ್‌ಗೆ ಬದಲಿಸಿ ಆಮೇಲೆ ಕಳಿಸಿ. ಪಿಡಿಎಫ್ ಜೊತೆಗೆ ವರ್ಡ್ ಕಡತವನ್ನೂ ಕಳಿಸುವುದು ಒಳ್ಳೆಯದು. ಯೂನಿಕೋಡ್ ಇದ್ದರೂ ಪಿಡಿಎಫ್‌ನಲ್ಲಿ ಕೆಲವೊಮ್ಮೆ ಒತ್ತಕ್ಷರ ಹಿಂದುಮುಂದಾಗುತ್ತವೆ.

ವರ್ಡ್‌ನಲ್ಲಿ ಶೀರ್ಷಿಕೆಯನ್ನು ಬರೀ ದಪ್ಪ ಮಾಡಿ ಬಿಡಬೇಡಿ, 'ಹೆಡಿಂಗ್' ಸ್ಟೈಲ್ ಕೊಡಿ. ಆಗ ಎನ್‌ವಿಡಿಎ ಬಳಸುವವರು ಅದರ ಬ್ರೌಸ್ ಮೋಡ್‌ನಲ್ಲಿ 'ಎಚ್' ಕೀಲಿ ಒತ್ತುತ್ತ ಪಾಠದಿಂದ ಪಾಠಕ್ಕೆ ಹಾರಬಹುದು. 40 ಪುಟವನ್ನು ಮೊದಲಿನಿಂದ ಕೇಳಬೇಕಿಲ್ಲ. ಚಿತ್ರವಿದ್ದರೆ ರೈಟ್ ಕ್ಲಿಕ್ ಮಾಡಿ ಆಲ್ಟ್ ಟೆಕ್ಸ್ಟ್, ಅಂದರೆ ಚಿತ್ರದ ವಿವರಣೆ ಬರೆಯಿರಿ. 'ನದಿಯ ನಕ್ಷೆ' ಅಂದರೆ ಏನೂ ಹೇಳಿದಂತಾಗಲಿಲ್ಲ. 'ವೇದಾವತಿಗೆ ಹಿರಿಯೂರು ತಾಲ್ಲೂಕಿನಲ್ಲಿ ವಾಣಿವಿಲಾಸ ಸಾಗರ ಕಟ್ಟಲಾಗಿದೆ, ನದಿ ಕೊನೆಗೆ ತುಂಗಭದ್ರೆ ಸೇರುತ್ತದೆ' ಎಂದು ಬರೆದರೆ ಅದು ಪಾಠ.

ಕಿವಿ ಕೇಳದವರಿಗೆ ಗೂಗಲ್‌ನ ಲೈವ್ ಟ್ರಾನ್ಸ್‌ಕ್ರೈಬ್ ಇದೆ. ಮಾತನ್ನು ಕನ್ನಡ ಅಕ್ಷರದಲ್ಲಿ ತೋರಿಸುತ್ತದೆ. ಭಾಷೆಯನ್ನು ಕನ್ನಡಕ್ಕೆ ಬದಲಿಸುವುದನ್ನು ಮರೆಯಬೇಡಿ. ಇಬ್ಬರು ಒಟ್ಟಿಗೆ ಮಾತಾಡಿದರೆ ಅದು ಎಡವುತ್ತದೆ, ಹಾಗಾಗಿ ತರಗತಿಯಲ್ಲಿ ಒಬ್ಬೊಬ್ಬರೇ ಮಾತಾಡಿ. ಮೇಷ್ಟ್ರ ಮುಖದ ಮೇಲೆ ಬೆಳಕು ಬೀಳಲಿ. ಕಿಟಕಿಗೆ ಬೆನ್ನು ಹಾಕಿ ಕುಳಿತರೆ ತುಟಿ ಕಾಣಿಸುವುದಿಲ್ಲ.

ಕೈ ಸ್ವಾಧೀನದಲ್ಲಿಲ್ಲದವರು ವಿಂಡೋಸ್‌ನಲ್ಲಿ ಶಿಫ್ಟ್ ಕೀಲಿಯನ್ನು 5 ಸಲ ಒತ್ತಿದರೆ ಸ್ಟಿಕಿ ಕೀಸ್ ಬೇಕೇ ಎಂದು ಕೇಳುತ್ತದೆ. ಒಪ್ಪಿದರೆ ಎರಡು ಮೂರು ಕೀಲಿ ಒಟ್ಟಿಗೆ ಹಿಡಿಯುವ ಬದಲು ಒಂದಾದ ಮೇಲೆ ಒಂದು ಒತ್ತಬಹುದು. ಕೈ ನಡುಗುವವರಿಗೆ, ತಪ್ಪಿ ಮತ್ತೆ ಮತ್ತೆ ಬಿದ್ದ ಒತ್ತನ್ನು ಲೆಕ್ಕಕ್ಕೆ ಹಿಡಿಯದ ಫಿಲ್ಟರ್ ಕೀಸ್ ಇದೆ, ಬಲಗಡೆಯ ಶಿಫ್ಟ್ 8 ಸೆಕೆಂಡ್ ಒತ್ತಿ ಹಿಡಿಯಬೇಕು. ಸೈಬರ್ ಸೆಂಟರ್‌ನಲ್ಲಿ ಇದು ಗೊತ್ತಿಲ್ಲದೆ ಆನ್ ಆಗಿ, ಕೀಬೋರ್ಡ್ ಕೆಟ್ಟಿದೆ ಎಂದು ಹೊಸದು ತರುವವರೂ ಇದ್ದಾರೆ!

ಕೊನೆಯದಾಗಿ ಪರೀಕ್ಷೆ. ಅಂಗವೈಕಲ್ಯದ ಪ್ರಮಾಣಪತ್ರವಿದ್ದು, ಬರೆಯಲು ತೊಂದರೆ ಇರುವವರಿಗೆ ಕೇಂದ್ರದ ಮಾರ್ಗಸೂಚಿಯಂತೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ. 3 ಗಂಟೆಯ ಪರೀಕ್ಷೆಗೆ ಇನ್ನೊಂದು ಗಂಟೆ. ಆನ್‌ಲೈನ್ ಪರೀಕ್ಷೆಯಲ್ಲಿ ನಿಗದಿತ ಸಮಯ ಮುಗಿದ ಕೂಡಲೇ ಉತ್ತರ ಪತ್ರಿಕೆ ತಾನೇ ಮುಚ್ಚಿಹೋಗುತ್ತದೆ. ಆ ಹೆಚ್ಚುವರಿ ಸಮಯವನ್ನು ಮೊದಲೇ ಸೇರಿಸಿಡಲು ಕಾಲೇಜಿಗೆ ಅರ್ಜಿ ಕೊಡಿ, ಒಂದು ಅಣಕು ಪರೀಕ್ಷೆಯನ್ನು ಟಾಕ್‌ಬ್ಯಾಕ್ ಹಾಕಿಕೊಂಡೇ ಬರೆದು ನೋಡಿ. ನಮಸ್ಕಾರ.